ದಫ್ತರದಲ್ಲಿ ಹೆಸರಿಲ್ಲದ ಮನೆತನಗಳು

ಕಿತ್ತೂರಿನ ಕಥೆ ಕೇಳಿದವರಿಗೆಲ್ಲ ಥ್ಯಾಕರೆ ಗೊತ್ತು. 1824ರ ಅಕ್ಟೋಬರ್ 23ರಂದು ಕೋಟೆಯ ಮುಂದೆ ಸತ್ತುಬಿದ್ದ ಧಾರವಾಡದ ಕಲೆಕ್ಟರ್ ಅವನು. ಅವನಾದ ಮೇಲೆ, ಅದೇ ದಶಕದಲ್ಲಿ, ಅದೇ ಕುರ್ಚಿಗೆ ಬಂದು ಕೂತ ಥಾಮಸ್ ಹಾರ್ವೆ ಬೇಬರ್ ಮಾತ್ರ ಇಲ್ಲಿ ಯಾರ ನೆನಪಿನಲ್ಲೂ ಇಲ್ಲ. ಲಾವಣಿ ಕಟ್ಟುವಂಥದ್ದೇನನ್ನೂ ಅವನು ಈ ಸೀಮೆಯಲ್ಲಿ ಮಾಡಲಿಲ್ಲ. ಆದರೆ ಇಲ್ಲಿಯ ವಾಡೆಗಳ ಒಳಗೆ ಯಾರಿದ್ದರು ಎಂಬ ಪ್ರಶ್ನೆ ಎತ್ತಿದವರು ಅವನ ಕಾಗದವನ್ನು ದಾಟಿ ಮುಂದೆ ಹೋಗಲಾರರು.

ಬೇಬರ್ ಧಾರವಾಡಕ್ಕೆ ಬಂದದ್ದು ಮಲಬಾರಿನಿಂದ. 1805ರಲ್ಲಿ ಪಳಶ್ಶಿ ರಾಜನನ್ನು ಕಾಡಿನಲ್ಲಿ ಬೆನ್ನಟ್ಟಿ ಮುಗಿಸಿದ ತುಕಡಿಯ ಮುಂದಾಳು ಇದೇ ಮನುಷ್ಯ. ಮಲಬಾರಿನವರು ಅದನ್ನು ಮರೆತಿಲ್ಲ. ಅದಾಗಿ ಆರೇಳು ವರ್ಷಕ್ಕೆ ಅವನು ತಲಶ್ಶೇರಿಯಲ್ಲಿ ಮ್ಯಾಜಿಸ್ಟ್ರೇಟನಾಗಿದ್ದಾಗ ಇನ್ನೊಂದು ಕೆಲಸ ಮಾಡಿದ. ಕಣ್ಣೂರಿನ ಹತ್ತಿರ ಅಂಜರಕಂಡಿಯಲ್ಲಿ ಮರ್ಡಾಕ್ ಬ್ರೌನ್ ಎಂಬ ಬಿಳಿಯನ ದೊಡ್ಡ ತೋಟವಿತ್ತು. ಈಸ್ಟ್ ಇಂಡಿಯಾ ಕಂಪನಿಯೇ ಹಾಕಿಸಿದ ಲವಂಗಚಕ್ಕೆ, ಕಾಫಿ, ಮೆಣಸಿನ ತೋಟ. ಅಲ್ಲಿ ದುಡಿಯಲು ಜನ ಸಾಲದೆ ತಿರುವಾಂಕೂರಿನ ಕಡೆಯಿಂದ ಮಕ್ಕಳನ್ನೂ ದೊಡ್ಡವರನ್ನೂ ಕದ್ದು ತಂದು ಮಾರುತ್ತಿದ್ದರು. ಬೇಬರ್ ತೋಟದ ಮೇಲೆ ದಾಳಿ ಇಟ್ಟು ಹಲವರನ್ನು ಬಿಡಿಸಿದ. ಬ್ರೌನ್ ಕಂಪನಿಯ ದೊಡ್ಡವರ ಆಪ್ತ. ಆದ್ದರಿಂದ ಜಗಳ ವರ್ಷಗಟ್ಟಲೆ ನಡೆಯಿತು, ಪತ್ರಗಳು ರಾಶಿ ಬಿದ್ದವು. ಮೊಕದ್ದಮೆ ಹೂಡಿದ್ದರಿಂದಲೇ ಅಂಜರಕಂಡಿಯ ಗುಲಾಮರ ಕಥೆ ಇವತ್ತು ನಮಗೆ ಓದಲು ಸಿಗುತ್ತದೆ. ದಾಳಿ ಆಗದೆ ಉಳಿದ ತೋಟಗಳ ಕಥೆ ಸಿಗುವುದಿಲ್ಲ.

ಇಂಥ ಅನುಭವ ಹೊತ್ತು ಬಂದವನ ಕಣ್ಣಿಗೆ ದಕ್ಷಿಣ ಮರಾಠಾ ಸೀಮೆ ಬೇರೆ ರೀತಿಯಲ್ಲಿ ಕಂಡಿತು. ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಈ ನಾಡಿನಲ್ಲಿ ಗುಲಾಮಗಿರಿ ಹೇಗಿದೆ ಎಂದು 1832ರಲ್ಲಿ ಲಂಡನ್ನಿನ ಬೋರ್ಡ್ ಆಫ್ ಕಂಟ್ರೋಲ್ ಕೇಳಿದ ಪ್ರಶ್ನೆಗಳಿಗೆ ಅವನು ಉತ್ತರ ಬರೆದ. ಅದರ ಸಾರ ಇಷ್ಟು. ಜಹಗೀರದಾರರು, ದೇಸಾಯಿಗಳು, ಜಮೀನ್ದಾರರು, ದೊಡ್ಡ ಬ್ರಾಹ್ಮಣರು, ಸಾಹುಕಾರರು ಎಲ್ಲರ ಮನೆಯಲ್ಲೂ ಗುಲಾಮರಿದ್ದಾರೆ. ಗಂಡಸರೂ ಇದ್ದಾರೆ, ಹೆಂಗಸರೇ ಹೆಚ್ಚು. ಅವರಿಲ್ಲದೆ ದೊಡ್ಡ ಮನೆ ನಡೆಯುವುದೇ ಇಲ್ಲ ಎಂಬ ಭಾವನೆ ಇದೆ.

ಯಾರ ಮನೆ ಎಂದು ಅವನು ಬೆರಳು ಮಾಡಲಿಲ್ಲ. ಮಾಡಬೇಕಾಗಿಯೂ ಇರಲಿಲ್ಲ. ಆಗಿನ ಈ ಸೀಮೆಯ ನಕ್ಷೆ ನೋಡಿದರೆ ಸಾಕು. ತೊರಗಲ್ಲಿನಲ್ಲಿ ಕೊಲ್ಹಾಪುರದ ಅಧೀನದ ಶಿಂದೆ ಮನೆತನ, ಸೇನಾಖಾಸಖೇಲ ಬಿರುದಿನವರು. ರಾಮದುರ್ಗದಲ್ಲಿ ಭಾವೆ ಮನೆತನ. ಅದರ ಇನ್ನೊಂದು ಕವಲು ನರಗುಂದದಲ್ಲಿ. ಸಿರಸಂಗಿ, ನವಲಗುಂದದಲ್ಲಿ ದೇಸಾಯಿಗಳು. ಕಿತ್ತೂರಿನ ದೇಸಗತಿ 1824ರ ಡಿಸೆಂಬರಿನಲ್ಲಿ ಮುಗಿದಿತ್ತು. ಇವುಗಳ ಸುತ್ತ ನಾಡಗೌಡರು, ದೇಶಪಾಂಡೆಯರು, ಇನಾಮದಾರರು. ಬೇಬರನ ಮಾತು ಇವರಿಗೆಲ್ಲ ಸಲ್ಲುವಂಥದ್ದು. ಕಿತ್ತೂರು ಬಿದ್ದಾಗ ಖಜಾನೆಯ ನಗದೆಷ್ಟು, ಒಡವೆಯೆಷ್ಟು, ತೋಪು ಎಷ್ಟು, ಆನೆ-ಕುದುರೆ ಎಷ್ಟು ಎಂಬ ಲೆಕ್ಕವನ್ನು ಚರಿತ್ರೆ ಬರೆದವರು ಒಬ್ಬರ ಹಿಂದೊಬ್ಬರು ಹೇಳಿಕೊಂಡು ಬಂದಿದ್ದಾರೆ. ಆ ವಾಡೆಯಲ್ಲಿ ನೀರು ಹೊತ್ತವಳ ಹೆಸರು, ಜೋಳ ಬೀಸಿದವಳ ಹೆಸರು ಆ ಪುಸ್ತಕಗಳಲ್ಲಿಲ್ಲ.

ಇವರೆಲ್ಲ ಎಲ್ಲಿಂದ ಬಂದರು? ಪೇಶ್ವೆಗಳ ಕಾಲದ, ಮೋಡಿ ಲಿಪಿಯ ಮರಾಠಿ ಕಾಗದಗಳು ಇದಕ್ಕೆ ಒಂದಿಷ್ಟು ಉತ್ತರ ಕೊಡುತ್ತವೆ. ಹೆಣ್ಣಾಳನ್ನು ಅವು ಕುಣಬಿಣಿ ಎಂದೋ ಬಟೀಕ ಎಂದೋ ಕರೆಯುತ್ತವೆ. ಯುದ್ಧದಲ್ಲಿ ಹಿಡಿದು ತಂದವರು ಕೆಲವರು. ಬರಗಾಲದಲ್ಲಿ ತಾಯಿತಂದೆಯೇ ಮಾರಿದ ಮಕ್ಕಳು ಕೆಲವರು. ಬೆಳಗಾವಿ, ಧಾರವಾಡ ಸೀಮೆಯ ಮುದುಕರ ಬಾಯಲ್ಲಿ ಬಹಳ ದಿನ ಉಳಿದಿದ್ದ 1791-92ರ ಬರದಲ್ಲಿ ಹೆಣ ಎತ್ತುವವರೇ ಇರಲಿಲ್ಲ. ಅಂಥ ವರ್ಷ ಒಂದು ಮಗುವಿನ ಬೆಲೆ ಎಷ್ಟು ಇಳಿದಿರಬಹುದು ಎಂದು ಯಾರಾದರೂ ಊಹಿಸಬಹುದು. ಇನ್ನು ಕೆಲವರು ವ್ಯಭಿಚಾರದ ಆರೋಪ ಹೊತ್ತ ಹೆಂಗಸರು. ಅವರನ್ನು ಸರಕಾರವೇ ವಶಕ್ಕೆ ತೆಗೆದುಕೊಂಡು ಕೋಟೆಯ ಕೆಲಸಕ್ಕೆ, ಕುದುರೆ ಲಾಯಕ್ಕೆ, ಕಣಜಕ್ಕೆ ಹಚ್ಚುತ್ತಿತ್ತು, ಬೇಡವಾದಾಗ ಮಾರುತ್ತಿತ್ತು. ಸುಮಿತ್ ಗುಹ ಅವರು ಹದಿನೆಂಟನೆಯ ಶತಮಾನದ ಪಶ್ಚಿಮ ಭಾರತದ ಗುಲಾಮಗಿರಿಯ ಬಗ್ಗೆ ಬರೆದ ಪ್ರಬಂಧ 2006ರಲ್ಲಿ ಪ್ರಕಟವಾಯಿತು. ಗುಲಾಮಗಿರಿಯಲ್ಲಿ ಖಾಸಗಿ ಮನೆಗಳಷ್ಟೇ ಅಲ್ಲ, ಸರಕಾರವೂ ಎಷ್ಟು ಆಳವಾಗಿ ಕೈ ಹಾಕಿತ್ತು ಎಂಬುದನ್ನು ಅದು ಚೆನ್ನಾಗಿ ಬಿಡಿಸಿಡುತ್ತದೆ.

ಇಂಥ ಕಾಗದದ ಸ್ವಭಾವ ಒಮ್ಮೆ ನೋಡಬೇಕು. ಕೊಂಡವನ ಹೆಸರು, ಅವನ ತಂದೆಯ ಹೆಸರು, ಊರು ಎಲ್ಲ ಇರುತ್ತದೆ. ಮಾರಿದವನದೂ ಅಷ್ಟೇ. ನಡುವೆ, ಮಾರಾಟವಾದವಳ ಪಾಲಿಗೆ ಬರುವುದು ಅಂದಾಜು ವಯಸ್ಸು ಮತ್ತು ಬೆಲೆ. ಬಿಡಿ ಹೆಸರು ಇದ್ದರೆ ಇತ್ತು. ಅವಳ ತಂದೆ ಯಾರು, ತಾಯಿ ಯಾರು ಎಂಬುದು ವ್ಯವಹಾರಕ್ಕೆ ಬೇಕಿಲ್ಲದ ಮಾತು. ಅವಳು ಯಜಮಾನನ ಮನೆಗೆ ಬಂದ ಮೇಲೆ ಹೊಸ ಹೆಸರು ಇಟ್ಟರೆ ಹಳೆಯ ಕಾಗದವೂ ಅವಳಿಂದ ಕಳಚಿಕೊಂಡಂತೆಯೇ. ಮನೆತನದ ಎಳೆ ಕಡಿಯುವುದು ಇಲ್ಲಿಯೇ. ಸಂಶೋಧಕರು ಎಷ್ಟು ಜಾಣರಾದರೂ ಮೊದಲ ಪೀಳಿಗೆಯಲ್ಲೇ ಗೋಡೆಗೆ ಹಾಯುತ್ತಾರೆ.

ಆ ಗೋಡೆ ಎಲ್ಲ ದೇಶಗಳಲ್ಲೂ ಇದೆ. ಅಮೆರಿಕದ ತೋಟಗಳ ಗುಲಾಮರ ಮೊಮ್ಮಕ್ಕಳು ತಮ್ಮ ವಂಶ ಹುಡುಕುವಾಗ 1870ರ ಜನಗಣತಿಯ ತನಕ ಸರಾಗವಾಗಿ ಹೋಗುತ್ತಾರೆ. ಬಿಡುಗಡೆಯಾದ ಕಪ್ಪು ಜನರನ್ನೆಲ್ಲ ಹೆಸರು ಹಿಡಿದು ಬರೆದ ಮೊದಲ ಜನಗಣತಿ ಅದು. ಅದಕ್ಕೂ ಹಿಂದಿನ 1850, 1860ರ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ ಇಷ್ಟೇ. ಆದರೂ ಅಲ್ಲಿ ಒಂದು ದಾರಿ ಉಳಿದಿದೆ. 1838ರಲ್ಲಿ ಮೇರಿಲ್ಯಾಂಡಿನ ಜೆಸ್ವಿಟ್ ಪಾದ್ರಿಗಳು ತಮ್ಮ ತೋಟಗಳ 272 ಜನರನ್ನು ಲೂಸಿಯಾನಾಕ್ಕೆ ಮಾರಿದರು. ಆ ದುಡ್ಡಿನಲ್ಲಿ ಸಾಲ ತೀರಿಸಿಕೊಂಡ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಇವತ್ತೂ ಇದೆ. ಪಾದ್ರಿಗಳು ಲೆಕ್ಕದಲ್ಲಿ ಕಟ್ಟುನಿಟ್ಟು. ಮಾರಿದವರ ಹೆಸರು, ವಯಸ್ಸು, ಯಾರ ಮಗ ಯಾರ ಮಗಳು ಎಲ್ಲ ಬರೆದಿಟ್ಟರು. ಆ ಪಟ್ಟಿಯ ಮೂಲಕವೇ ಸಾವಿರಾರು ವಂಶಸ್ಥರು ಈಚೆಗೆ ಪತ್ತೆಯಾದದ್ದು.

ಬ್ರಿಟಿಷರ ಕೆರಿಬಿಯನ್ ದ್ವೀಪಗಳ ಮಾತು ಇನ್ನೂ ವಿಚಿತ್ರ. 1833ರ ಕಾಯ್ದೆ ಅಲ್ಲಿ ಗುಲಾಮಗಿರಿ ನಿಲ್ಲಿಸಿ, ಒಡೆಯರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಗುಲಾಮರಿಗೆ ಒಂದು ಪೆನ್ನಿಯೂ ಇಲ್ಲ. ಪರಿಹಾರ ಬೇಕಾದ ಒಡೆಯರು ತಮ್ಮಲ್ಲಿ ಎಷ್ಟು ಜನ ಇದ್ದಾರೆಂದು ಸಾಬೀತು ಮಾಡಬೇಕಾಯಿತು. ಆ ಹೊತ್ತಿಗಾಗಲೇ 1817ರ ಸುಮಾರಿನಿಂದ ಮೂರು ಮೂರು ವರ್ಷಕ್ಕೊಮ್ಮೆ ಹೆಸರು ಹಿಡಿದು ಬರೆದ ನೋಂದಣಿ ಪುಸ್ತಕಗಳು ತಯಾರಿದ್ದವು. ಸುಮಾರು 8 ಲಕ್ಷ ಜನರ ಸುಳಿವು ಹೀಗೆ, ಒಡೆಯರ ಆಸೆಬುರುಕತನದ ದೆಸೆಯಿಂದ, ಉಳಿದುಕೊಂಡಿತು.

ಆದರೆ 1833ರ ಆ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಯ ಸೀಮೆಗೆ ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಬರೆದಿತ್ತು. ಭಾರತದ ಸರದಿ ಬಂದದ್ದು ಹತ್ತು ವರ್ಷ ತಡವಾಗಿ, 1843ರ ಐದನೆಯ ಕಾಯ್ದೆಯ ರೂಪದಲ್ಲಿ. ನಾಲ್ಕೇ ಕಲಮುಗಳ ಸಣ್ಣ ಕಾಯ್ದೆ. ಸರಕಾರಿ ಅಧಿಕಾರಿ ಕಂದಾಯದ ಬಾಕಿಗಾಗಲಿ ಕೋರ್ಟಿನ ಹುಕುಮಿಗಾಗಲಿ ಮನುಷ್ಯರನ್ನು ಹರಾಜು ಹಾಕಕೂಡದು. ಇವನು ನನ್ನ ಗುಲಾಮ ಎಂಬ ಹಕ್ಕನ್ನು ಯಾವ ಕೋರ್ಟೂ ಎತ್ತಿ ಹಿಡಿಯಕೂಡದು. ಗುಲಾಮನಾಗಿದ್ದ ಎಂಬ ಕಾರಣಕ್ಕೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳಕೂಡದು. ಬಿಡುಗಡೆಯ ಮನುಷ್ಯನಿಗೆ ಮಾಡಿದರೆ ಯಾವುದು ಅಪರಾಧವೋ ಗುಲಾಮನಿಗೆ ಮಾಡಿದರೂ ಅದು ಅಪರಾಧ. ಅಷ್ಟೇ. ಒಡೆಯರಿಗೆ ಪರಿಹಾರವಿಲ್ಲ, ಆದ್ದರಿಂದ ಅರ್ಜಿ ಇಲ್ಲ, ಆದ್ದರಿಂದ ಪಟ್ಟಿಯೂ ಇಲ್ಲ. ಒಡೆಯರಿಗೆ ದುಡ್ಡು ಕೊಡದೆ ಇದ್ದದ್ದು ನ್ಯಾಯವೇ. ಆದರೆ ಆ ನ್ಯಾಯಕ್ಕೆ ಬೆಲೆ ತೆತ್ತವರು ಗುಲಾಮರ ಮೊಮ್ಮಕ್ಕಳು. ಅವರ ಅಜ್ಜ-ಅಜ್ಜಿಯರ ಹೆಸರು ಬರೆದುಕೊಳ್ಳುವ ಗರಜು ಯಾರಿಗೂ ಬೀಳಲಿಲ್ಲ.

ತೊರಗಲ್ ಸೀಮೆಯಲ್ಲಿ ಇನ್ನೊಂದು ತೊಡಕಿತ್ತು. 1836ರಲ್ಲಿ ಧಾರವಾಡದಿಂದ ಬೇರೆಯಾದ ಬೆಳಗಾವಿ ಜಿಲ್ಲೆಯಲ್ಲಿ ಸಂಪಗಾವಿ ತಾಲೂಕು, ಪರಸಗಡ ತಾಲೂಕು ಕಂಪನಿಯವು. ಅಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ ಕಾಯ್ದೆಯೊಳಗೆ ಬಂದವು. ರಾಮದುರ್ಗ ಸಂಸ್ಥಾನ, ಕೊಲ್ಹಾಪುರದ ಕೈಕೆಳಗಿನ ತೊರಗಲ್ ಹೊರಗೆ ಉಳಿದವು. ಮಲಪ್ರಭೆಯ ಒಂದು ದಂಡೆಯಲ್ಲಿ ಕೋರ್ಟು ಗುಲಾಮಗಿರಿಯನ್ನು ಒಪ್ಪುವುದಿಲ್ಲ, ಅರ್ಧ ದಿನದ ದಾರಿ ನಡೆದರೆ ಅದೇ ಕಾಯ್ದೆಗೆ ಬಲವಿಲ್ಲ. ಬ್ರಿಟಿಷ್ ಭಾಗದಲ್ಲೂ ಕಾಯ್ದೆ ಬಂತೆಂದು ವಾಡೆಯ ಹೆಣ್ಣಾಳು ಮರುದಿನ ಹೊರಟುಹೋದಳು ಎಂದೇನಲ್ಲ. ಎಲ್ಲಿಗೆ ಹೋಗಬೇಕು? ಊರಿಲ್ಲ, ಕುಲವಿಲ್ಲ, ಹೊಲವಿಲ್ಲ. ಅವಳು ಅಲ್ಲೇ ಉಳಿದಳು. ಮಕ್ಕಳು ಮನೆಯಾಳಾದರು, ಮೊಮ್ಮಕ್ಕಳು ಯಾವುದೋ ಒಂದು ಜಾತಿಯ ಹೆಸರು ಹೇಳಿಕೊಂಡು ಊರಲ್ಲಿ ಬೆರೆತರು. 1872ರಲ್ಲಿ, 1881ರಲ್ಲಿ ಜನಗಣತಿಯವರು ಬಂದಾಗ ಜಾತಿ ಕೇಳಿದರು, ಕಸುಬು ಕೇಳಿದರು. ಗುಲಾಮರ ಮಕ್ಕಳೆಂಬ ಕಲಮು ಅಲ್ಲಿರಲಿಲ್ಲ, ಇದ್ದಿದ್ದರೂ ಯಾರೂ ಹೌದೆನ್ನುತ್ತಿರಲಿಲ್ಲ.

ಸವದತ್ತಿಯ ಹೆಸರು ಬಂದ ಕೂಡಲೇ ಓದುಗರಿಗೆ ಯಲ್ಲಮ್ಮನ ಗುಡ್ಡ, ಜೋಗತಿಯರು ನೆನಪಾಗಬಹುದು. ಅದು ಬೇರೆ ಚರಿತ್ರೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದರೆ ಎರಡೂ ಕಾಣದಂತಾಗುತ್ತವೆ.

ವಾಡೆಯ ಗುಲಾಮರು ಸರಕಾರಿ ಕಾಗದದಲ್ಲಿ ಮತ್ತೆ ತಲೆ ಎತ್ತುವುದು ಒಂದೇ ಸಂದರ್ಭದಲ್ಲಿ, ಆಸ್ತಿಯ ಜಗಳದಲ್ಲಿ. ಯಜಮಾನನಿಂದ ಹುಟ್ಟಿದ ದಾಸಿಯ ಮಕ್ಕಳನ್ನು ಮರಾಠಿ ಕಾಗದಗಳು ಲೇಕಾವಳೆ ಎನ್ನುತ್ತವೆ. ಶಾಸ್ತ್ರ ಇವರನ್ನು ದಾಸೀಪುತ್ರ ಎನ್ನುತ್ತದೆ. ಶೂದ್ರನ ದಾಸೀಪುತ್ರನಿಗೆ ತಂದೆಯ ಆಸ್ತಿಯಲ್ಲಿ ಪಾಲುಂಟು ಎಂದು ಬರೆದದ್ದು ಮಿತಾಕ್ಷರ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ನಮ್ಮದೇ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಬರೆದ ಗ್ರಂಥ. ಅದೇ ಏಳುನೂರು ವರ್ಷ ಆದ ಮೇಲೆ ಮುಂಬಯಿ ಹೈಕೋರ್ಟಿನ ಮೇಜಿನ ಮೇಲೆ ಬಂತು. 1875ರ ರಾಹಿ ವಿರುದ್ಧ ಗೋವಿಂದ ಎಂಬ ಮೊಕದ್ದಮೆಯಲ್ಲಿ ನ್ಯಾಯಾಧೀಶರಿಗೆ ತಲೆನೋವಾದ ಪ್ರಶ್ನೆ ಇದು: ಗುಲಾಮಗಿರಿಯೇ ಕಾನೂನಿನಲ್ಲಿ ಇಲ್ಲವಾದ ಮೇಲೆ ದಾಸೀಪುತ್ರ ಎಂದರೆ ಯಾರು? ಖಾಯಂ ಇಟ್ಟುಕೊಂಡ ಹೆಂಗಸಿನ ಮಗನನ್ನೂ ಆ ಸಾಲಿಗೇ ಸೇರಿಸಬಹುದು ಎಂಬ ಕಡೆಗೆ ತೀರ್ಪು ವಾಲಿತು. ಆ ಬಳಿಕ ಮುಂಬಯಿ ಇಲಾಖೆಯಲ್ಲಿ ಇಂಥ ದಾವೆಗಳು ಬರುತ್ತಲೇ ಇದ್ದವು. ಸಾಕ್ಷಿ ಹೇಳಿಕೆಯಲ್ಲಿ ತಾಯಿಯ ಹೆಸರು ಬರುತ್ತದೆ, ಅವಳನ್ನು ಎಲ್ಲಿಂದ ತಂದರು ಎಂಬ ಮಾತು ಬರುತ್ತದೆ. ನೂರು ವರ್ಷ ಮನೆಯಲ್ಲಿ ಮಾತಿಲ್ಲದೆ ದುಡಿದವರಿಗೆ ಸಿಕ್ಕ ಸಾಲುಗಳು ಇವು.

ಇದು ಒಳಗೆ ಉಳಿದವರ ಕಥೆ. ಓಡಿಹೋದವರದು ಬೇರೆ.

ಕಿತ್ತೂರಿನಿಂದ ಪಡುವಣಕ್ಕೆ ಖಾನಾಪುರ ದಾಟಿದರೆ ಕಾಡು ಶುರು. ಬೀಡಿ, ನಂದಗಡ ಬಿಟ್ಟು ಮುಂದೆ ಹೋದಂತೆ ಹೊಲ ಕಡಿಮೆ, ಮರ ಹೆಚ್ಚು. ದಕ್ಷಿಣಕ್ಕೆ ಹಳಿಯಾಳ, ಯಲ್ಲಾಪುರ, ಪಶ್ಚಿಮಕ್ಕೆ ಘಟ್ಟ ಇಳಿದರೆ ಗೋವೆ. ಈ ಪಟ್ಟಿಯಲ್ಲಿ ಸಿದ್ದಿಗಳ ಊರುಗಳಿವೆ. ಗುಂಗುರು ಕೂದಲಿನ, ಕಪ್ಪು ಮೈಯ, ಮನೆಯಲ್ಲಿ ಕೊಂಕಣಿ ಆಡುವ, ಪೇಟೆಯಲ್ಲಿ ಕನ್ನಡ ಮಾತಾಡುವ ಜನ. ಆಫ್ರಿಕದಿಂದ ಗುಲಾಮರಾಗಿ ಬಂದವರ ಪೀಳಿಗೆ ಇವರು. 2011ರ ಜನಗಣತಿ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದ ಸಿದ್ದಿಗಳನ್ನು 10,477 ಎಂದು ಎಣಿಸಿತು.

ಆಫ್ರಿಕದವರು ಈ ಸೀಮೆಗೆ ಎರಡು ದಾರಿಯಿಂದ ಬಂದರು. ಒಂದು ವಿಜಾಪುರದ ದಾರಿ. ಆದಿಲ್‌ಶಾಹಿ ದರ್ಬಾರಿನಲ್ಲಿ ಹಬಶಿ ಗುಲಾಮರು ಸೈನಿಕರಾಗಿ ಸೇರಿ ದಿವಾನರಾಗುವಷ್ಟು ಮೇಲೇರಿದರು. ಇಥಿಯೋಪಿಯದಿಂದ ಮಾರಾಟವಾಗಿ ಬಂದು ಅಹ್ಮದನಗರವನ್ನೇ ಆಳಿದ ಮಲಿಕ್ ಅಂಬರ್ 1626ರಲ್ಲಿ ತೀರಿಕೊಂಡ. ವಿಜಾಪುರದಲ್ಲಿ ಇಖ್ಲಾಸ್ ಖಾನ್ ಮಹಮ್ಮದ ಆದಿಲ್‌ಶಾಹನ ಪ್ರಧಾನಿಯಾದ. ಸುಲ್ತಾನನೂ ಅವನೂ ಒಂದೇ ಆನೆಯ ಮೇಲೆ ಕೂತ, 1645ರ ಸುಮಾರಿನ ಚಿತ್ರ ಈಗಲೂ ಇದೆ. ತೊರಗಲ್ ಆ ರಾಜ್ಯದ ಒಂದು ಸರ್ಕಾರು, ಅಂದರೆ ಜಿಲ್ಲೆಯಂಥ ವಿಭಾಗ. ಈ ಗುಲಾಮರನ್ನು ಹುಡುಕುವುದು ಕಷ್ಟವಲ್ಲ. ಅವರಿಗೆ ಚಿತ್ರ ಇದೆ, ಗೋರಿ ಇದೆ, ಬಿರುದು ಇದೆ.

ಎರಡನೆಯದು ಗೋವೆಯ ದಾರಿ. ಸಿದ್ದಿಗಳಲ್ಲಿ ಬಹುಪಾಲು ಬಂದದ್ದು ಇದರಲ್ಲಿಯೇ. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕ್ ಗೋವೆಯನ್ನು ಹಿಡಿದ ಮೇಲೆ ಮೊಜಾಂಬಿಕ್ ತೀರದಿಂದ ಜನರನ್ನು ತುಂಬಿಕೊಂಡ ಹಡಗುಗಳು ಮಳೆಗಾಲದ ಗಾಳಿ ಹಿಡಿದು ಬರತೊಡಗಿದವು. ಅಲ್ಲಿ ಗುಲಾಮರನ್ನು ಕೊಳ್ಳಲು ಕೊಟ್ಟ ಮಾಲಿನಲ್ಲಿ ದೊಡ್ಡ ಪಾಲು ಗುಜರಾತಿನ ಹತ್ತಿ ಬಟ್ಟೆ. ದೀವ್, ದಮನ್ ಬಂದರುಗಳ ವಾಣಿಯರು ಈ ವ್ಯಾಪಾರಕ್ಕೆ ಬಂಡವಾಳ ಹಾಕಿದರು ಎಂಬುದನ್ನು ಚರಿತ್ರಕಾರ ಪೆಡ್ರೊ ಮಚಾಡೊ ವಿವರವಾಗಿ ತೋರಿಸಿದ್ದಾರೆ. ಗುಲಾಮರ ವ್ಯಾಪಾರವೆಂದರೆ ಬಿಳಿಯರ ಪಾಪ ಎಂದು ಕೈ ತೊಳೆದುಕೊಳ್ಳುವವರಿಗೆ ಇದು ರುಚಿಸಲಿಕ್ಕಿಲ್ಲ.

ಗೋವೆಯ ಪೇಟೆಯ ನೋಟ ಬರೆದವರು ಇಬ್ಬರು ಪರದೇಶಿಗಳು. ಆರ್ಚ್‌ಬಿಷಪ್ಪನ ಕಾರಕೂನನಾಗಿ 1583ರಿಂದ ಐದಾರು ವರ್ಷ ಅಲ್ಲಿದ್ದ ಡಚ್ಚ ಲಿನ್ಸ್‌ಹೋಟೆನ್, ಮತ್ತು 1608ರಲ್ಲಿ ಸೆರೆಯಾಳಾಗಿ ಬಂದ ಫ್ರೆಂಚ್ ನಾವಿಕ ಪಿರಾರ್. ಊರ ನಡುವಿನ ರುವಾ ದಿರೈತಾ ಬೀದಿಯಲ್ಲಿ ಬೆಳಗಿನ ಹೊತ್ತು ಲಿಲಾವು. ಕುದುರೆ, ರತ್ನಗಂಬಳಿ, ಬೆಳ್ಳಿ ಸಾಮಾನುಗಳ ಜೊತೆಗೆ ಮನುಷ್ಯರ ಮಾರಾಟ. ಕಸೂತಿ ಬಲ್ಲ, ಮಿಠಾಯಿ ಮಾಡಬಲ್ಲ ಹುಡುಗಿಗೆ ಹೆಚ್ಚು ಬೆಲೆ. ಒಡೆಯ ಮನೆಯಲ್ಲಿ ಕೂತು ಉಣ್ಣುತ್ತಾನೆ, ಗುಲಾಮರು ಬೀದಿಯಲ್ಲಿ ಉಪ್ಪಿನಕಾಯಿ, ಸಿಹಿ ತಿಂಡಿ ಮಾರಿ ಸಂಜೆ ದುಡ್ಡು ತಂದೊಪ್ಪಿಸುತ್ತಾರೆ. ಊರಾಚೆಯ ಬಾಂಗಣಿ ಒರತೆಯಿಂದ ಕುಡಿಯುವ ನೀರು ತಂದು ಮನೆಮನೆಗೆ ಮಾರುವ ಕೆಲಸವೂ ಗುಲಾಮರದೇ. ಆ ಕಾಲದ ಗೋವೆ ಬಾಯಾರಿಕೆ ತೀರಿಸಿಕೊಂಡದ್ದು ಅವರ ಹೆಗಲ ಮೇಲಿನ ಕೊಡಗಳಿಂದ.

ಪೋರ್ಚುಗೀಸರು ಮರಾಠರಿಗಿಂತ ಹೆಚ್ಚು ಕಾಗದ ಬರೆದರು ಎಂದಲ್ಲ, ಬೇರೆ ಕಾರಣಕ್ಕೆ ಬರೆದರು. ಅವರಿಗೆ ಗುಲಾಮನ ಆತ್ಮವೂ ಒಂದು ಲೆಕ್ಕ. ತಂದ ಗುಲಾಮನಿಗೆ ದೀಕ್ಷಾಸ್ನಾನ ಮಾಡಿಸಬೇಕು, ಹೊಸ ಹೆಸರಿಡಬೇಕು, ಚರ್ಚಿನ ಪುಸ್ತಕದಲ್ಲಿ ಇಂಥವನ ಗುಲಾಮ ಎಂದು ಬರೆಯಬೇಕು. 1567ರ ಗೋವೆಯ ಧರ್ಮಸಭೆ ಗುಲಾಮರ ಬಗ್ಗೆ ನಿಯಮಗಳನ್ನೇ ಮಾಡಿತು. ಒಡೆಯ ಸಾಯುವಾಗ ಪುಣ್ಯ ಬರಲೆಂದು ಗುಲಾಮನನ್ನು ಬಿಟ್ಟರೆ ಅದಕ್ಕೊಂದು ಬಿಡುಗಡೆ ಪತ್ರ. ಇಂಥ ಪತ್ರಗಳ ಕಡತಗಳು ಪಣಜಿಯ ಪತ್ರಾಗಾರದಲ್ಲಿವೆ. ಆ ಪತ್ರಾಗಾರದ ಬುನಾದಿ 1595ರದು, ಚರಿತ್ರಕಾರ ದಿಯೊಗೊ ದು ಕೋತೊ ಅದರ ಮೊದಲ ಪಾಲಕ. ಜೆನೆಟ್ ಪಿಂಟೊ ಅವರು ಇವನ್ನೆಲ್ಲ ಜಾಲಾಡಿ 1510ರಿಂದ 1842ರವರೆಗಿನ ಪೋರ್ಚುಗೀಸ್ ಭಾರತದ ಗುಲಾಮಗಿರಿಯ ಮೇಲೆ ಪುಸ್ತಕ ಬರೆದರು. ಅದು 1992ರಲ್ಲಿ ಬಂತು. ಅದನ್ನು ಯಾರಾದರೂ ಕನ್ನಡಕ್ಕೆ ತಂದರೆ ಒಳ್ಳೆಯದು.

ಪೋರ್ಚುಗಲ್ 1836ರ ಡಿಸೆಂಬರ್ 10ರಂದು ಗುಲಾಮರ ವ್ಯಾಪಾರ ನಿಷೇಧಿಸಿತು. 1854ರಲ್ಲಿ ತನ್ನ ಸಾಗರದಾಚೆಯ ಸೀಮೆಗಳಲ್ಲಿ ಇರುವ ಗುಲಾಮರನ್ನು ನೋಂದಾಯಿಸಬೇಕೆಂದು ಆಜ್ಞೆ ಹೊರಡಿಸಿತು. 1869ರಲ್ಲಿ ಗುಲಾಮಗಿರಿಯನ್ನೇ ತೆಗೆದುಹಾಕಿತು. ಅಷ್ಟರೊಳಗೆ ಎಷ್ಟೋ ಜನ ಘಟ್ಟ ಹತ್ತಿ ಓಡಿಬಂದಿದ್ದರು. ಗೋವೆಯ ಗಡಿ ದಾಟಿದರೆ ಕಾಡು, ಕಾಡಿನಲ್ಲಿ ಒಡೆಯನ ಕೈ ನಿಲುಕುವುದಿಲ್ಲ. ಓಡಿಬಂದವರು ಹಳ್ಳದ ಬದಿಯಲ್ಲಿ ನಾಲ್ಕಾರು ಗುಡಿಸಲು ಹಾಕಿ, ಕುಮರಿ ಬೇಸಾಯ ಮಾಡಿ, ಜೇನು ಕಿತ್ತು ಬದುಕಿದರು. ಇಲ್ಲೊಂದು ಮಾತು ಗಮನಿಸಬೇಕು. ಹೀಗೆ ಓಡಿದವರು ಒಟ್ಟಿಗೆ ಉಳಿದರು, ತಮ್ಮೊಳಗೇ ಕೊಟ್ಟು ತಂದುಕೊಂಡರು, ಡಮಾಮಿ ಬಾರಿಸಿ ಹಾಡಿದರು, ತಮ್ಮ ಹಿರಿಯರನ್ನು ಪೂಜಿಸಿದರು. ಆದ್ದರಿಂದ ಇವತ್ತು ಅವರ ಮೂಲ ಹುಡುಕಲು ಒಂದು ಸಮುದಾಯ ಕಣ್ಣ ಮುಂದಿದೆ. ಕಿತ್ತೂರು, ತೊರಗಲ್ಲಿನ ವಾಡೆಗಳಲ್ಲಿ ಉಳಿದವರು ಮನೆಗೊಬ್ಬರು ಇಬ್ಬರಂತೆ ಚದುರಿದ್ದರು. ಅವರಿಗೆ ಸಮುದಾಯವಾಗುವ ಭಾಗ್ಯ ಸಿಗಲಿಲ್ಲ. ಕಾಗದ ಇಲ್ಲದಿರುವುದಕ್ಕಿಂತ ದೊಡ್ಡ ನಷ್ಟ ಇದು.

ಕಾಡಿನವರೂ ವಾಡೆಯವರೂ ಒಮ್ಮೆ ಸೇರಿದ ನೆನಪೊಂದು ಈ ಭಾಗದಲ್ಲಿದೆ. ಕಿತ್ತೂರಿನ ಬಂಟ, ಬೈಲಹೊಂಗಲ ತಾಲೂಕಿನ ಸಂಗೊಳ್ಳಿಯ ರಾಯಣ್ಣ 1830ರಲ್ಲಿ ಬಂಡೆದ್ದು ಬೀಡಿಯ ಕಚೇರಿ ಸುಟ್ಟಾಗ ಅವನ ದಂಡಿನಲ್ಲಿ ಗಜವೀರನೆಂಬ ಸಿದ್ದಿ ಇದ್ದ ಎಂದು ಜನ ಹೇಳುತ್ತಾರೆ, ಲಾವಣಿಕಾರರು ಹಾಡುತ್ತಾರೆ, ನಾಟಕದವರು ಆಡುತ್ತಾರೆ. ಬಂಡಾಯದ ಮುಖ್ಯ ನೆಲೆ ಖಾನಾಪುರದ ಕಾಡು ಎಂಬುದನ್ನು ನೆನೆದರೆ ಈ ಮಾತು ಬುಡವಿಲ್ಲದ್ದೆನಿಸುವುದಿಲ್ಲ. ಆ ಕಾಡಿನ ಒಳದಾರಿ ಸಿದ್ದಿಗಳಷ್ಟು ಯಾರಿಗೆ ಗೊತ್ತಿತ್ತು? ರಾಯಣ್ಣನನ್ನು ನಂದಗಡದಲ್ಲಿ 1831ರಲ್ಲಿ ಗಲ್ಲಿಗೇರಿಸಿದರು. ಗುಲಾಮರ ಪೀಳಿಗೆಯ ಒಬ್ಬ ಮನುಷ್ಯ ಈ ಸೀಮೆಯ ನೆನಪಿನಲ್ಲಿ ಸ್ವಂತ ಹೆಸರಿನಿಂದ ಉಳಿದದ್ದು ಬಂಡಾಯದ ಹಾಡಿನಲ್ಲಿ, ಒಡೆಯನ ಲೆಕ್ಕದಲ್ಲಿ ಅಲ್ಲ.

ಕಾಡಿಗೆ ಬಂದದ್ದೇ ಸ್ವಾತಂತ್ರ್ಯವೂ ಆಗಲಿಲ್ಲ. ಯಲ್ಲಾಪುರ, ಶಿರಸಿ ಕಡೆಯ ಅಡಿಕೆ ತೋಟಗಳಿಗೆ ಆಳು ಬೇಕಿತ್ತು. ಮದುವೆಗೆಂದೋ ಕಾಯಿಲೆಗೆಂದೋ ತೆಗೆದುಕೊಂಡ ಸಣ್ಣ ಸಾಲ ತೀರದೆ ಅನೇಕ ಸಿದ್ದಿ ಕುಟುಂಬಗಳು ಪೀಳಿಗೆಗಟ್ಟಲೆ ತೋಟದ ಮನೆಯ ಜೀತಕ್ಕೆ ಬಿದ್ದವು. ಯಾರ ಆಶ್ರಯದಲ್ಲಿದ್ದರೋ ಅವರ ದೇವರು ಇವರ ಮನೆಗೂ ಬಂದ. ಹೀಗೆ ಒಂದೇ ಮೂಲದ ಜನ ಹಿಂದೂ, ಕ್ರೈಸ್ತ, ಮುಸಲ್ಮಾನ ಎಂದು ಮೂರು ಕವಲಾದರು. ಜೀತ ಪದ್ಧತಿಯನ್ನು ರದ್ದು ಮಾಡುವ ಕೇಂದ್ರದ ಕಾಯ್ದೆ 1976ರದು. ಅದೇ ವರ್ಷ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಟಿ.ಸಿ. ಪಾಲಾಕ್ಷಪ್ಪ ಅವರ ಉತ್ತರ ಕನ್ನಡದ ಸಿದ್ದಿಗಳ ಅಧ್ಯಯನ ಪುಸ್ತಕವಾಗಿ ಬಂತು. ಸಿದ್ದಿಗಳ ಬಗ್ಗೆ ಮುಂದೆ ಕೆಲಸ ಮಾಡಿದವರೆಲ್ಲ ಅದರ ಋಣಿಗಳು.

ಕಾಗದ ಹೇಳದ್ದನ್ನು ರಕ್ತ ಹೇಳಬಹುದೇ ಎಂದು ನೋಡಿದ್ದು ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರ (ಸಿಸಿಎಂಬಿ). ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ಡಿಎನ್‌ಎ ಪರೀಕ್ಷೆ ಮಾಡಿ 2011ರಲ್ಲಿ ಫಲಿತಾಂಶ ಪ್ರಕಟಿಸಿತು. ಮೂಲ ಸಹಾರಾದ ಕೆಳಗಿನ ಆಫ್ರಿಕ, ಬಂಟು ಭಾಷೆಗಳನ್ನಾಡುವ ಜನರಿಗೆ ಹತ್ತಿರ. ಸ್ಥಳೀಯರೊಡನೆ ಬೆರಕೆ ಆದದ್ದು ಕಳೆದ 200 ವರ್ಷದೊಳಗೆ, ಅಂದರೆ ಸುಮಾರು ಎಂಟು ಪೀಳಿಗೆ. ಯುರೋಪಿನ, ಬಹುಶಃ ಪೋರ್ಚುಗೀಸರ, ಅಂಶವೂ ಸ್ವಲ್ಪ ಇದೆ. ಖಂಡ ಯಾವುದು ಎಂಬುದನ್ನು ವಿಜ್ಞಾನ ತೋರಿಸಿತು. ಯಾವ ಊರು, ಯಾರ ಮಗಳು, ಯಾವ ಹಡಗು ಎಂಬುದು ಅದರ ಕೈಯಲ್ಲಿಲ್ಲ.

ಇದೆಲ್ಲ ವಿದ್ವಾಂಸರ ಕುತೂಹಲ ಎಂದು ಬದಿಗೆ ಸರಿಸುವಂತಿಲ್ಲ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ. ಜಿಲ್ಲೆಯ ಗಡಿ ದಾಟಿದರೆ ಖಾನಾಪುರದಲ್ಲಿ, ಕಲಘಟಗಿಯಲ್ಲಿ ಇರುವ ಅವರ ಬೀಗರು, ಅಣ್ಣತಮ್ಮಂದಿರು ಮಾತ್ರ ಪಟ್ಟಿಯ ಹೊರಗೆ ಉಳಿದರು. ಸಂಸತ್ತು ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳನ್ನು ಸೇರಿಸಿ ತಿದ್ದುಪಡಿ ಮಾಡಿದ್ದು 2020ರಲ್ಲಿ. ಅದೇ ವರ್ಷ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು, ಆ ಸಮುದಾಯದಿಂದ ಮೊದಲಿಗರು. 2003ಕ್ಕೂ 2020ಕ್ಕೂ ನಡುವಿನ ಈ ಹದಿನೇಳು ವರ್ಷದ ಅಂತರದ ಬಿಸಿ ಎಷ್ಟೆಂದು ತಿಳಿಯಲು 2006ರ ಅರಣ್ಯ ಹಕ್ಕು ಕಾಯ್ದೆ ಓದಬೇಕು. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಕಾಡಿನ ಭೂಮಿಯಲ್ಲಿದ್ದರೆಂದು ತೋರಿಸಿದರೆ ಸಾಕು. ಉಳಿದವರು ಆ ದಿನಕ್ಕೆ ಹಿಂದೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದೆವೆಂದು ಸಾಬೀತು ಮಾಡಬೇಕು. ಅದರಂತೆ 2020ರ ತನಕ ಹಳಿಯಾಳದ ಸಿದ್ದಿಗೆ ಒಂದು ಅಳತೆ, ಖಾನಾಪುರದ ಸಿದ್ದಿಗೆ ಇನ್ನೊಂದು ಇತ್ತು. ತಲೆಮರೆಸಿಕೊಳ್ಳಲೆಂದೇ ಕಾಡು ಸೇರಿದವರ ಮೊಮ್ಮಕ್ಕಳಿಂದ 1930ರ ಪುರಾವೆ ಕೇಳಿದ ಕಾಯ್ದೆ ಇದು.

ಹುಡುಕಲು ಇನ್ನೂ ಜಾಗಗಳಿವೆ. ಗಡಿಭಾಗದ ಹಳೆಯ ಚರ್ಚುಗಳ ದೀಕ್ಷಾ ಪುಸ್ತಕಗಳು, ಅರಣ್ಯ ಇಲಾಖೆಯ ಕುಮರಿ ಮತ್ತು ಅತಿಕ್ರಮಣದ ಪಟ್ಟಿಗಳು, ಕೊಲ್ಹಾಪುರ ಸಂಸ್ಥಾನದ ದಫ್ತರ, ಪುಣೆಯ ಪೇಶ್ವೆ ದಫ್ತರ, ಜಿಲ್ಲಾ ಕೋರ್ಟುಗಳ ದಾಸೀಪುತ್ರ ದಾವೆಗಳು. ಪೋರ್ಚುಗೀಸ್, ಮೋಡಿ, ಕನ್ನಡ ಮೂರನ್ನೂ ಓದಬಲ್ಲವರು ಬೆರಳೆಣಿಕೆಯಷ್ಟು. ಮೂವರು ಬೇರೆ ಬೇರೆ ಓದುಗರು ಒಟ್ಟಿಗೆ ಕೂತರೂ ಕೆಲಸ ಆಗುತ್ತದೆ. ನಮ್ಮ ವಿಶ್ವವಿದ್ಯಾಲಯಗಳು ಇದಕ್ಕೊಂದು ಯೋಜನೆ ಮಾಡದಿರಲು ಕಾರಣವೇ ಇಲ್ಲ.

ಇನ್ನುಳಿದದ್ದು ಮನೆಗಳ ಅಟ್ಟ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ದೇಸಗತಿ, ಕುಲಕರ್ಣಿಕೆ, ನಾಡಗೌಡಿಕೆ ನಡೆಸಿದ ಮನೆಗಳು ನೂರಾರು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಮೋಡಿ ಕಾಗದದ ಗಂಟುಗಳು ಮನೆ ಒಡೆದು ಕಟ್ಟುವಾಗ ಒಲೆಗೋ ರದ್ದಿಗೋ ಹೋಗುತ್ತಿವೆ. ಅಡುಗೆ ಮನೆಗೆ ಅಳೆದ ಜೋಳದ ಲೆಕ್ಕ, ಮದುವೆಯಲ್ಲಿ ಮಗಳ ಜೊತೆ ಕಳಿಸಿದ ಆಳಿನ ಲೆಕ್ಕ ಇರುವುದು ಅವುಗಳಲ್ಲಿಯೇ. ಹಳೆಯ ಮನೆಯವರು ತಮ್ಮ ಹಿರಿಯರ ಮಾನ ಹೋದೀತೆಂದು ಅಂಜಬೇಕಿಲ್ಲ, ಆ ಕಾಲದ ದೊಡ್ಡ ಮನೆಗಳೆಲ್ಲ ಹಾಗೆಯೇ ಇದ್ದವು ಎಂದು ಬೇಬರ್ ಆಗಲೇ ಬರೆದಿದ್ದಾನೆ. ಅಂಥ ಗಂಟು ಇಟ್ಟುಕೊಂಡವರು ಅದನ್ನು ಬಿಸಾಡುವ ಮೊದಲು ಧಾರವಾಡದ ರಾಜ್ಯ ಪತ್ರಾಗಾರ ಕಚೇರಿಗೋ, ಅಲ್ಲಿಯೇ ಇರುವ ಕನ್ನಡ ಸಂಶೋಧನಾ ಸಂಸ್ಥೆಗೋ ಒಮ್ಮೆ ತೋರಿಸಬೇಕು.